ಹಡಗು ಲೇ-ಅಪ್ ಎಂದರೇನು? ವ್ಯಾಪಾರ ಬಿದ್ದಾಗ ನಿಂತುಬಿಡುವ ಹಡಗುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಡಗಿನ ಇಂಜಿನ್ ರೂಮಿನಲ್ಲಿ ದುಡಿದವನು. ರಜೆಗೆ ಊರಿಗೆ ಬಂದಾಗಲೆಲ್ಲ ಯಾರಾದರೂ ಒಬ್ಬರು ಈ ವಿಷಯ ತೆಗೆಯುತ್ತಾರೆ. ಎಲ್ಲೋ ಹಸಿರು ಗುಡ್ಡಗಳ ನಡುವೆ ದೊಡ್ಡ ದೊಡ್ಡ ಹಡಗುಗಳು ಸಾಲಾಗಿ ನಿಂತ ಫೋಟೋ ನೋಡಿರುತ್ತಾರೆ. ಇಲ್ಲವೇ ಮನೆಯ ಹುಡುಗ ಫೋನ್ ಮಾಡಿ "ನಮ್ಮ ಹಡಗು ಲೇ-ಅಪ್ ಆಗ್ತಿದೆ" ಎಂದಿರುತ್ತಾನೆ, ಮನೆಯವರಿಗೆ ಗಾಬರಿ. ಹಾಗೆ ಕೇಳಿದ ಪ್ರಶ್ನೆಗಳನ್ನೆಲ್ಲ ಸೇರಿಸಿ ಇಲ್ಲಿ ಉತ್ತರ ಬರೆದಿದ್ದೇನೆ.

ಲೇ-ಅಪ್ ಎಂದರೆ ಏನು? ಲಂಗರು ಹಾಕಿ ನಿಂತಿದೆ ಅನ್ನುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಪಣಂಬೂರು ಬೀಚಿನಲ್ಲಿ ನಿಂತರೆ ದೂರದಲ್ಲಿ ಹಡಗುಗಳು ಕಾಣುತ್ತವಲ್ಲ, ಅವು ಬಂದರಿನೊಳಗೆ ಬರಲು ಸರದಿ ಕಾಯುತ್ತಿರುವ ಹಡಗುಗಳು. ಇವತ್ತೋ ನಾಳೆಯೋ ಜಾಗ ಸಿಕ್ಕರೆ ಒಳಗೆ ಬರುತ್ತವೆ. ಅದು ಲೇ-ಅಪ್ ಅಲ್ಲ.

ಈ ಹಡಗಿಗೆ ಈಗ ಕೆಲಸವಿಲ್ಲ, ಸದ್ಯಕ್ಕೆ ಸಿಗುವ ಹಾಗೂ ಇಲ್ಲ, ಆದರೆ ಮಾರುವುದು ಬೇಡ, ಒಡೆಯುವುದೂ ಬೇಡ, ಒಳ್ಳೆಯ ಕಾಲ ಬರುವ ತನಕ ಎಲ್ಲಾದರೂ ಭದ್ರವಾಗಿ ಇಡೋಣ ಎಂದು ಮಾಲೀಕ ತೀರ್ಮಾನ ಮಾಡಿ, ವಿಮೆಯವರಿಗೆ ತಿಳಿಸಿ, ಹಡಗಿನ ದರ್ಜೆ ನೋಡಿಕೊಳ್ಳುವ ಸಂಸ್ಥೆಗೆ ತಿಳಿಸಿ, ಸಿಬ್ಬಂದಿ ಕಡಿಮೆ ಮಾಡಿ ನಿಲ್ಲಿಸಿದರೆ ಅದು ಲೇ-ಅಪ್. ತಿಂಗಳುಗಟ್ಟಲೆ ಆಗಬಹುದು, ವರ್ಷಗಟ್ಟಲೆಯೂ ಆಗಬಹುದು.

ನಿಲ್ಲಿಸಿದರೆ ನಷ್ಟ ಅಲ್ವಾ? ಕಡಿಮೆ ಬಾಡಿಗೆಗಾದರೂ ಓಡಿಸಬಹುದಲ್ಲ?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದೇ. ಊರಿನ ಲಾರಿ ಮಾಲೀಕರನ್ನು ಕೇಳಿದರೆ ಅವರೇ ಉತ್ತರ ಹೇಳುತ್ತಾರೆ.

ಹಡಗಿಗೆ ಮೂರು ಥರದ ಖರ್ಚು. ಒಂದು, ಕೊಂಡ ಸಾಲದ ಕಂತು ಮತ್ತು ಬಡ್ಡಿ. ಓಡಿದರೂ ನಿಂತರೂ ಕಟ್ಟಲೇಬೇಕು. ಎರಡು, ಸಿಬ್ಬಂದಿ ಸಂಬಳ, ಊಟ, ವಿಮೆ, ರಿಪೇರಿ. ನಿಲ್ಲಿಸಿದರೆ ಇದರಲ್ಲಿ ತುಂಬಾ ಉಳಿಯುತ್ತದೆ, ಯಾಕೆಂದರೆ 20-25 ಜನ ಇರುವಲ್ಲಿ ನಾಲ್ಕೈದು ಜನ ಸಾಕು, ವಿಮೆಯವರೂ ಕಂತಿನ ಒಂದು ಪಾಲು ವಾಪಸ್ ಕೊಡುತ್ತಾರೆ. ಮೂರನೆಯದು ಇಂಧನ ಮತ್ತು ಬಂದರಿನ ಶುಲ್ಕ. ಇದು ಓಡಿದರೆ ಮಾತ್ರ.

ಈಗ ಲೆಕ್ಕ ಹಾಕಿ. ಸಿಗುವ ಬಾಡಿಗೆ ಇಂಧನಕ್ಕೂ ಸಂಬಳಕ್ಕೂ ಸಾಲದೆ, ನಿಲ್ಲಿಸಿ ಕಾಯುವ ಖರ್ಚಿಗಿಂತ ಓಡಿಸುವ ನಷ್ಟವೇ ಜಾಸ್ತಿ ಆಗುವ ದಿನ ಹಡಗು ನಿಲ್ಲುತ್ತದೆ. ಅದಕ್ಕೇ ಮೊದಲು ನಿಲ್ಲುವುದು ಹಳೆಯ, ಜಾಸ್ತಿ ಎಣ್ಣೆ ಕುಡಿಯುವ ಹಡಗುಗಳು.

ನಿಲ್ಲಿಸುವ ಮೊದಲು ಇನ್ನೊಂದು ಉಪಾಯ ಮಾಡುತ್ತಾರೆ. ನಿಧಾನ ಓಡಿಸುವುದು. ವೇಗ ಶೇ. 10 ಇಳಿಸಿದರೆ ಇಂಜಿನ್ನಿಗೆ ಬೇಕಾದ ಶಕ್ತಿ ಸುಮಾರು ಶೇ. 27 ಕಡಿಮೆಯಾಗುತ್ತದೆ. ಎಲ್ಲ ಹಡಗುಗಳೂ ನಿಧಾನ ಹೋದರೆ ಅಷ್ಟೇ ಸರಕಿಗೆ ಹೆಚ್ಚು ಹಡಗು ಬೇಕಾಗುತ್ತದೆ, ಒಂದಷ್ಟು ಹಡಗುಗಳ ಕೆಲಸ ಉಳಿಯುತ್ತದೆ. 2009ರ ನಂತರ ಕಂಟೈನರ್ ಹಡಗುಗಳು ಹೀಗೆ ನಿಧಾನವಾದವು.

2008ರಲ್ಲಿ ಆದದ್ದೇನು? ಅಷ್ಟು ಹಡಗು ಒಟ್ಟಿಗೆ ಹೇಗೆ ನಿಂತವು?

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಲಂಡನ್ನಿನ ಬಾಲ್ಟಿಕ್ ಎಕ್ಸ್‌ಚೇಂಜ್ ಎಂಬ ಸಂಸ್ಥೆ ಅದಿರು, ಕಲ್ಲಿದ್ದಲು, ಧಾನ್ಯ ಸಾಗಿಸುವ ಹಡಗುಗಳ ಬಾಡಿಗೆಯ ಸೂಚ್ಯಂಕವನ್ನು ದಿನಾ ಪ್ರಕಟಿಸುತ್ತದೆ. ಬಾಲ್ಟಿಕ್ ಡ್ರೈ ಇಂಡೆಕ್ಸ್ ಎಂದು ಅದರ ಹೆಸರು. 2008ರ ಮೇ 20ರಂದು ಅದು 11,793 ಇತ್ತು. ಅದೇ ವರ್ಷ ಡಿಸೆಂಬರ್ 5ಕ್ಕೆ 663. ಆರೂವರೆ ತಿಂಗಳಲ್ಲಿ ಶೇ. 94ರಷ್ಟು ಕುಸಿತ. ಬ್ರೆಜಿಲ್, ಆಸ್ಟ್ರೇಲಿಯಾದಿಂದ ಅದಿರು ಹೊರುವ ಕೇಪ್‌ಸೈಜ್ ಎಂಬ ದೈತ್ಯ ಹಡಗುಗಳು ಜೂನ್‌ನಲ್ಲಿ ದಿನಕ್ಕೆ 2 ಲಕ್ಷ 30 ಸಾವಿರ ಡಾಲರ್‌ಗೂ ಮೇಲೆ ದುಡಿಯುತ್ತಿದ್ದವು. ಡಿಸೆಂಬರ್‌ನಲ್ಲಿ ಎರಡೂವರೆ ಸಾವಿರ ಡಾಲರ್ ಕೂಡ ಹುಟ್ಟುತ್ತಿರಲಿಲ್ಲ. ಸಿಬ್ಬಂದಿಯ ಸಂಬಳಕ್ಕೂ ವಿಮೆಗೂ ಅದು ಸಾಲದು.

ಇದು ನಮಗೆ ದೂರದ ಕಥೆಯೇನಲ್ಲ. ಆ ಏರಿಕೆಗೆ ಮುಖ್ಯ ಕಾರಣ ಚೀನಾದ ಉಕ್ಕಿನ ಹಸಿವು, ಮತ್ತು ಅದೇ ಹಸಿವಿಗೆ ಬಳ್ಳಾರಿ, ಹೊಸಪೇಟೆ ಕಡೆಯಿಂದ ಹಗಲು ರಾತ್ರಿ ಲಾರಿಗಳಲ್ಲಿ ಅದಿರು ಬೇಲೆಕೇರಿಗೂ ಕಾರವಾರಕ್ಕೂ ಇಳಿಯುತ್ತಿದ್ದದ್ದು. ಆ ವರ್ಷಗಳಲ್ಲಿ ಆ ರಸ್ತೆಗಳ ಕೆಂಪು ಧೂಳು ತಿಂದವರಿಗೆ ಹಡಗಿನ ಬಾಡಿಗೆ ಯಾಕೆ ಏರಿತು ಎಂದು ಬೇರೆ ಹೇಳಬೇಕಿಲ್ಲ.

ಸೆಪ್ಟೆಂಬರ್ 15ಕ್ಕೆ ಅಮೆರಿಕದ ಲೇಮನ್ ಬ್ರದರ್ಸ್ ಎಂಬ ದೊಡ್ಡ ಬ್ಯಾಂಕ್ ಮುಳುಗಿತು. ಆಮೇಲೆ ಬ್ಯಾಂಕ್ ಬ್ಯಾಂಕನ್ನೇ ನಂಬದಂತಾಯಿತು. ಸರಕು ಕಳಿಸುವವನಿಗೂ ಕೊಳ್ಳುವವನಿಗೂ ಮಧ್ಯೆ ಬ್ಯಾಂಕ್ ಕೊಡುವ ಭರವಸೆ ಪತ್ರ ಇಲ್ಲದೆ ಸಮುದ್ರ ವ್ಯಾಪಾರ ನಡೆಯುವುದಿಲ್ಲ. ಅದು ಸಿಗದೆ ಸರಕು ದಕ್ಕೆಯಲ್ಲೇ ಉಳಿಯಿತು. 2009ರಲ್ಲಿ ಜಗತ್ತಿನ ಸರಕು ವ್ಯಾಪಾರದ ಪ್ರಮಾಣ ಸುಮಾರು ಶೇ. 12 ಇಳಿಯಿತು.

ಅಷ್ಟೇ ಆಗಿದ್ದರೆ ಬೇಗ ಸುಧಾರಿಸುತ್ತಿತ್ತು. ಆದರೆ ಹಡಗು ಕಟ್ಟಲು ಎರಡು ಮೂರು ವರ್ಷ ಬೇಕು. 2007ರಲ್ಲಿ ಬಾಡಿಗೆ ಚೆನ್ನಾಗಿದೆ ಎಂದು ಎಲ್ಲರೂ ಆರ್ಡರ್ ಕೊಟ್ಟ ಹಡಗುಗಳು 2009, 2010, 2011ರಲ್ಲಿ ಒಂದೊಂದಾಗಿ ಯಾರ್ಡ್‌ನಿಂದ ಇಳಿದು ಬಂದವು, ಬೇಡ ಅಂದರೂ ನಿಲ್ಲಿಸುವ ಹಾಗಿರಲಿಲ್ಲ. ನಮ್ಮಲ್ಲಿ ಟೊಮೆಟೊ ಬೆಲೆ ಏರಿದ ವರ್ಷ ಎಲ್ಲರೂ ಟೊಮೆಟೊ ಹಾಕಿ, ಮುಂದಿನ ಫಸಲಿಗೆ ರಸ್ತೆಗೆ ಸುರಿಯುತ್ತಾರಲ್ಲ, ಹಾಗೇ. ಹಡಗನ್ನು ಸುರಿಯುವುದಕ್ಕೆ ಆಗುವುದಿಲ್ಲ, ನಿಲ್ಲಿಸಬೇಕು. 2009ರ ಕೊನೆಗೆ ಜಗತ್ತಿನ ಕಂಟೈನರ್ ಹಡಗುಗಳ ಸಾಮರ್ಥ್ಯದಲ್ಲಿ ಹತ್ತನೇ ಒಂದು ಪಾಲಿಗೂ ಜಾಸ್ತಿ ಖಾಲಿ ನಿಂತಿತ್ತು.

ಇದೇ ಮೊದಲ ಸಲವಾ?

ಅಲ್ಲ. 1930ರ ದಶಕದ ಮಹಾ ಕುಸಿತ ಇದಕ್ಕಿಂತ ಕೆಟ್ಟದಾಗಿತ್ತು. 1932ರಲ್ಲಿ ಸುಮಾರು 1 ಕೋಟಿ 40 ಲಕ್ಷ ಟನ್ ಹಡಗುಗಳು ನಿಂತಿದ್ದವು, ಆಗಿನ ಜಗತ್ತಿನ ಹಡಗುಗಳಲ್ಲಿ ಹೆಚ್ಚು ಕಡಿಮೆ ಐದರಲ್ಲಿ ಒಂದು ಪಾಲು. ಸ್ಕಾಟ್‌ಲೆಂಡಿನ ಗೇರ್‌ಲಾಕ್, ಇಂಗ್ಲೆಂಡಿನ ಎಸೆಕ್ಸ್‌ನ ಬ್ಲ್ಯಾಕ್‌ವಾಟರ್ ಅಳಿವೆ, ಕಾರ್ನ್‌ವಾಲ್‌ನ ಫಾಲ್ ನದಿ, ಎಲ್ಲ ಕಡೆ ಹಡಗಿನ ಸಾಲು.

ಆಮೇಲೆ 1973ರ ತೈಲ ಬಿಕ್ಕಟ್ಟು. ಅದಕ್ಕೆ ಮೊದಲು ಸೂಯೆಜ್ ಕಾಲುವೆ ಮುಚ್ಚಿತ್ತು, ಆಫ್ರಿಕಾ ಸುತ್ತಿ ಬರಬೇಕಿತ್ತು, ಹಾಗಾಗಿ ಎಷ್ಟು ದೊಡ್ಡ ಟ್ಯಾಂಕರ್ ಇದ್ದರೆ ಅಷ್ಟು ಲಾಭ ಎಂದು ಕಟ್ಟುತ್ತಲೇ ಹೋದರು. ತೈಲದ ಬೆಲೆ ನಾಲ್ಕು ಪಟ್ಟಾಯಿತು, ಬೇಡಿಕೆ ಬಿತ್ತು, 1975ರಲ್ಲಿ ಸೂಯೆಜ್ ಕೂಡ ತೆರೆಯಿತು. ನಾರ್ವೆಯ ಫ್ಯೋರ್ಡ್‌ಗಳಲ್ಲಿ (ಬೆಟ್ಟಗಳ ನಡುವೆ ಒಳನುಗ್ಗಿದ ಕಿರಿದಾದ ಆಳ ಕಡಲು), ಗ್ರೀಸಿನ ಎಲೆಫ್ಸಿನಾ ಕೊಲ್ಲಿಯಲ್ಲಿ ಹೊಸ ಹೊಸ ಟ್ಯಾಂಕರ್‌ಗಳು ತುಂಬಿಕೊಂಡವು. ಕೆಲವು ಯಾರ್ಡ್‌ನಿಂದ ನೇರ ಲೇ-ಅಪ್ ಜಾಗಕ್ಕೇ ಹೋದವು.

ನನಗೆ ತುಂಬ ಹೊಟ್ಟೆ ಉರಿಯುವುದು ಬಟಿಲಸ್ ಎಂಬ ಹಡಗಿನ ಬಗ್ಗೆ. ಫ್ರಾನ್ಸಿನ ಸಾಂ-ನಜೇರ್‌ನಲ್ಲಿ ಕಟ್ಟಿದ್ದು. 414 ಮೀಟರ್ ಉದ್ದ, ಐದೂವರೆ ಲಕ್ಷ ಟನ್ ಹೊರುವ ಶಕ್ತಿ. ಬಿಕ್ಕಟ್ಟಿಗೆ ಮೊದಲೇ ಆರ್ಡರ್ ಆಗಿತ್ತು, 1976ರಲ್ಲಿ ನೀರಿಗೆ ಬಂತು. ಬರುವಷ್ಟರಲ್ಲಿ ಅಷ್ಟು ದೊಡ್ಡ ಹಡಗಿಗೆ ಕೆಲಸವೇ ಇರಲಿಲ್ಲ. 1985ರ ಕೊನೆಗೆ ತೈವಾನಿನ ಕಾವ್‌ಸ್ಯುಂಗ್‌ಗೆ ಗುಜರಿಗೆ ಹೋಯಿತು. ಹಡಗಿನ ಆಯಸ್ಸು 25 ವರ್ಷ ಇರಬೇಕಾದಲ್ಲಿ ಒಂಬತ್ತೇ ವರ್ಷ. ಕಟ್ಟಿದವರ ಬೆವರು ನೆನೆಸಿಕೊಂಡರೆ ಬೇಜಾರಾಗುತ್ತದೆ.

2016ರಲ್ಲಿ ಮತ್ತೊಮ್ಮೆ. ಆ ವರ್ಷ ಫೆಬ್ರವರಿಯಲ್ಲಿ ಬಾಲ್ಟಿಕ್ ಸೂಚ್ಯಂಕ 290ಕ್ಕೆ ಇಳಿಯಿತು, ಆಗಸ್ಟ್ ಕೊನೆಗೆ ಕೊರಿಯಾದ ಹಾಂಜಿನ್ ಹಡಗು ಕಂಪನಿ ದಿವಾಳಿ ಅರ್ಜಿ ಹಾಕಿತು. 2020ರ ಕೋವಿಡ್ ಎಲ್ಲರಿಗೂ ನೆನಪಿದೆ.

ಎಲ್ಲಿ ಬೇಕಾದರೂ ನಿಲ್ಲಿಸಬಹುದಾ?

ಇಲ್ಲ. ಜಾಗ ಹುಡುಕುವುದೇ ದೊಡ್ಡ ಕೆಲಸ. ಗಾಳಿಗೂ ಅಲೆಗೂ ಮರೆ ಇರಬೇಕು. ಆಳ ಇರಬೇಕು, ಆದರೆ ಲಂಗರು ತಲುಪದಷ್ಟು ಆಳ ಆಗಬಾರದು. ತಳದಲ್ಲಿ ಜೇಡಿ ಮಣ್ಣೋ ಗಟ್ಟಿ ಕೆಸರೋ ಇದ್ದರೆ ಲಂಗರು ಕಚ್ಚುತ್ತದೆ, ಬರೀ ಬಂಡೆ ಇದ್ದರೆ ಜಾರುತ್ತದೆ. ಚಂಡಮಾರುತದ ದಾರಿಯಲ್ಲಿ ಇರಬಾರದು. ಹತ್ತಿರದಲ್ಲಿ ರಿಪೇರಿ ಯಾರ್ಡ್ ಇದ್ದರೆ ಅನುಕೂಲ. ಬಂದರಿನವರು ಕೇಳುವ ಬಾಡಿಗೆಯೂ ಕಡಿಮೆ ಇರಬೇಕು.

ಮಲೇಷ್ಯಾದ ಲಾಬುವಾನ್ ಮತ್ತು ಪಕ್ಕದ ಬ್ರೂನೈ ಕೊಲ್ಲಿ ಇದಕ್ಕೆ ಹೆಸರುವಾಸಿ. ಅಲ್ಲೇ ಪಕ್ಕದ ಸಬಾ ರಾಜ್ಯವನ್ನು ಅಲ್ಲಿಯವರು "ಗಾಳಿಯ ಕೆಳಗಿನ ನಾಡು" ಎಂದು ಕರೆಯುತ್ತಾರೆ, ಯಾಕೆಂದರೆ ಟೈಫೂನ್ ಎಂಬ ಚಂಡಮಾರುತಗಳು ಅದರ ಉತ್ತರಕ್ಕೆ ಹಾದು ಹೋಗುತ್ತವೆ. ಹಳೆಯ ನಾವಿಕರು ಕೊಟ್ಟ ಹೆಸರು ಇವತ್ತಿಗೂ ವಿಮೆಯವರ ಲೆಕ್ಕಕ್ಕೆ ಸರಿಹೊಂದುತ್ತದೆ.

ಗ್ರೀಸಿನ ಎಲೆಫ್ಸಿನಾಕ್ಕೆ ಸಲಾಮಿಸ್ ದ್ವೀಪವೇ ಗೋಡೆ. ನಾರ್ವೆಯ ಫ್ಯೋರ್ಡ್‌ಗಳು ಮಾತ್ರ ತೀರಾ ಆಳ. ಅಲ್ಲಿ ಲಂಗರಿನ ಜೊತೆಗೆ ದಡದ ಬಂಡೆಗೂ ಹಗ್ಗ ಬಿಗಿಯುತ್ತಾರೆ.

ಕಾಡಿನ ನಡುವೆ ಹಡಗು ನಿಂತ ಫೋಟೋ ನಿಜವಾ? ನದಿಯಲ್ಲಿ ಅಷ್ಟು ದೊಡ್ಡ ಹಡಗು ಹೇಗೆ ಬಂತು?

ನಿಜ. ಅದು ಹೆಚ್ಚಾಗಿ ಇಂಗ್ಲೆಂಡಿನ ಕಾರ್ನ್‌ವಾಲ್‌ನ ಫಾಲ್ ನದಿಯ ಫೋಟೋ. ನಮಗೆ ನದಿ ಎಂದರೆ ಬೇಸಿಗೆಯಲ್ಲಿ ಮರಳು ಕಾಣುವ ನೇತ್ರಾವತಿಯೇ ಕಣ್ಣ ಮುಂದೆ ಬರುತ್ತದೆ, ಹಾಗಾಗಿ ನಂಬುವುದು ಕಷ್ಟ. ಫಾಲ್ ಹಾಗಲ್ಲ. ಹಿಮಯುಗ ಮುಗಿದು ಸಮುದ್ರ ಏರಿದಾಗ ಕಡಲ ನೀರು ನದಿಯ ಕಣಿವೆಯೊಳಗೇ ನುಗ್ಗಿ ನಿಂತಿತು. ಅಂದರೆ ಅದು ಮುಳುಗಿದ ಕಣಿವೆ. ಎರಡೂ ದಡ ಕಡಿದಾಗಿ ನೀರಿಗೆ ಇಳಿಯುತ್ತದೆ, ಮಧ್ಯೆ ಒಳ್ಳೆಯ ಆಳ, ದಡದ ಓಕ್ ಮರದ ಕೊಂಬೆಗಳು ನೀರಿನ ಮೇಲೇ ಬಾಗಿರುತ್ತವೆ.

ಅಲ್ಲಿ ಕಿಂಗ್ ಹ್ಯಾರಿ ಫೆರಿ ಎಂಬ ಕಾರು ದಾಟಿಸುವ ದೋಣಿ ಇದೆ. 1888ರಿಂದ ನಡೆಯುತ್ತಿದೆ, ಸರಪಳಿ ಹಿಡಿದುಕೊಂಡು ಈ ದಡದಿಂದ ಆ ದಡಕ್ಕೆ ಹೋಗುತ್ತದೆ. ವ್ಯಾಪಾರ ಬಿದ್ದ ವರ್ಷಗಳಲ್ಲಿ ಆ ದೋಣಿಯಲ್ಲಿ ದಾಟುವವರಿಗೆ ಮರಗಳ ನಡುವೆ ಹಡಗುಗಳ ಕಬ್ಬಿಣದ ಗೋಡೆ ಕಾಣುತ್ತದೆ. ಹಡಗು ಖಾಲಿ ಇರುವುದರಿಂದ ನೀರಿನಿಂದ ತುಂಬಾ ಮೇಲೆ ಎದ್ದಿರುತ್ತದೆ, ಕೆಳಗಿನ ಕೆಂಪು ಬಣ್ಣವೆಲ್ಲ ಹೊರಗೆ. 1930ರ ದಶಕದಲ್ಲೂ ಅಲ್ಲಿ ಹಡಗು ನಿಂತಿದ್ದವು, 1980ರ ದಶಕದಲ್ಲೂ ನಿಂತಿದ್ದವು, 2009ರಲ್ಲೂ ನಿಂತವು. ಷೇರು ಪೇಟೆಯ ಸುದ್ದಿ ಓದದಿದ್ದರೂ ಪರವಾಗಿಲ್ಲ, ನದಿಯಲ್ಲಿ ಎಷ್ಟು ಹಡಗಿವೆ ಎಂದು ಎಣಿಸಿದರೆ ಜಗತ್ತಿನ ವ್ಯಾಪಾರ ಹೇಗಿದೆ ಎಂದು ಅಲ್ಲಿಯವರಿಗೆ ತಿಳಿಯುತ್ತದೆ. ನದಿಯ ಬಾಯಲ್ಲೇ ಫಾಲ್ಮತ್ ಬಂದರು ಮತ್ತು ರಿಪೇರಿ ಡಾಕ್ ಇರುವುದರಿಂದ ಮತ್ತೆ ಎಬ್ಬಿಸುವುದೂ ಸುಲಭ.

ಹೊಸ ಹಡಗುಗಳನ್ನೂ ನಿಲ್ಲಿಸುತ್ತಾರಾ?

ಹೌದು. 2009ರಲ್ಲಿ ಮೇರ್ಸ್ಕ್ ಕಂಪನಿ ಸ್ಕಾಟ್‌ಲೆಂಡಿನ ಲಾಕ್ ಸ್ಟ್ರೈವನ್ ಎಂಬ ಕಿರಿದಾದ ಕಡಲ ಚಾಚಿನಲ್ಲಿ ಕೆಲವು ಕಂಟೈನರ್ ಹಡಗುಗಳನ್ನು ಪಕ್ಕ ಪಕ್ಕ ಕಟ್ಟಿ ನಿಲ್ಲಿಸಿತ್ತು. ಮೇರ್ಸ್ಕ್ ಬಾಸ್ಟನ್, ಮೇರ್ಸ್ಕ್ ಬ್ರೂಕ್ಲಿನ್ ಇವೆಲ್ಲ ಆಗ ಎರಡು ಮೂರು ವರ್ಷದ ಹೊಸ ಹಡಗುಗಳು. ತುಂಬಾ ವೇಗವಾಗಿ ಓಡಲೆಂದೇ ಕಟ್ಟಿದ್ದವು. ಇಂಧನ ದುಬಾರಿಯಾಗಿ, ಬೇಗ ತಲುಪಿಸಿ ಎಂದು ಕೇಳುವವರೂ ಇಲ್ಲದಾಗ ಆ ವೇಗವೇ ಅವುಗಳಿಗೆ ಮುಳುವಾಯಿತು.

ನಮ್ಮ ಕರಾವಳಿಯಲ್ಲಿ ಯಾಕೆ ನಿಲ್ಲಿಸುವುದಿಲ್ಲ?

ಮಳೆಗಾಲದ ಕಡಲು ನೋಡಿದವರು ಈ ಪ್ರಶ್ನೆ ಕೇಳುವುದಿಲ್ಲ! ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮದು ತೆರೆದ ಕಡಲು, ನೇರ ಹೊಡೆತ. 2022ರ ಜೂನ್‌ನಲ್ಲಿ ಉಳ್ಳಾಲದ ಹತ್ತಿರ ಪ್ರಿನ್ಸೆಸ್ ಮಿರಾಲ್ ಎಂಬ ಹಡಗು ಮುಳುಗಿತು, 15 ಮಂದಿ ಸಿರಿಯಾದ ನಾವಿಕರನ್ನು ನಮ್ಮ ಕೋಸ್ಟ್ ಗಾರ್ಡ್‌ನವರು ಉಳಿಸಿದರು. ಇಂಥ ಕಡೆ ಖಾಲಿ ಹಡಗನ್ನು ನಾಲ್ಕು ಜನರ ಕೈಗೆ ಕೊಟ್ಟು ನಿಲ್ಲಿಸಲು ಯಾವ ವಿಮೆಯವರೂ ಒಪ್ಪುವುದಿಲ್ಲ. ಕಾರವಾರಕ್ಕೆ ದ್ವೀಪಗಳ ಮರೆ ಇದೆ ನಿಜ, ಆದರೆ ಅಲ್ಲಿ ನೌಕಾಪಡೆಯ ನೆಲೆ ಇದೆ. ನವಮಂಗಳೂರು ಬಂದರಿನ ಒಳಗೆ ಜಾಗ ಇರುವುದು ಸರಕು ಇಳಿಸುವ ಹಡಗಿಗೆ, ವರ್ಷಗಟ್ಟಲೆ ಮಲಗುವ ಹಡಗಿಗೆ ಅಲ್ಲ.

ನಮ್ಮಲ್ಲಿ ಇದಕ್ಕೆ ಹತ್ತಿರದ ನೋಟ ಎಂದರೆ ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧದ ಕಾಲದ ಮಲ್ಪೆ. 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ, ಒಂದು ದೋಣಿಯಿಂದ ಇನ್ನೊಂದಕ್ಕೆ ದಾಟಿಕೊಂಡೇ ಆ ತುದಿಗೆ ಹೋಗಬಹುದು. ಆದರೆ ಅವರಿಗೆ ಆಗಸ್ಟ್ 1 ಎಂಬ ದಿನ ಗೊತ್ತು. ಲೇ-ಅಪ್ ಹಡಗಿನವರಿಗೆ ಆ ತಾರೀಖು ಯಾರೂ ಹೇಳುವುದಿಲ್ಲ. ಕಷ್ಟ ಇರುವುದೇ ಅಲ್ಲಿ.

ಹಾಟ್ ಲೇ-ಅಪ್, ಕೋಲ್ಡ್ ಲೇ-ಅಪ್ ಅಂತಾರಲ್ಲ?

ಹಾಟ್ ಎಂದರೆ ಜನರೇಟರ್ ಓಡುತ್ತಿರುತ್ತದೆ, ಹತ್ತು ಜನರ ಆಸುಪಾಸು ಸಿಬ್ಬಂದಿ ಇರುತ್ತಾರೆ, ಕೆಲಸ ಸಿಕ್ಕರೆ ಒಂದು ವಾರದೊಳಗೆ ಹೊರಡಬಹುದು. ಕೋಲ್ಡ್ ಎಂದರೆ ಯಂತ್ರಗಳೆಲ್ಲ ಬಂದ್. ಕಾವಲಿಗೆ, ಬೆಂಕಿ ಮತ್ತು ನೀರು ನುಗ್ಗುವುದನ್ನು ನೋಡಿಕೊಳ್ಳಲು ಎರಡು ಮೂರು ಜನ. ಖರ್ಚು ತುಂಬಾ ಕಡಿಮೆ. ಆದರೆ ಎಬ್ಬಿಸಲು ವಾರಗಳೇ ಬೇಕು, ಕೆಲವೊಮ್ಮೆ ತಿಂಗಳುಗಳು.

ನಿಂತ ಹಡಗಿನಲ್ಲಿ ಏನು ಕೆಲಸ? ಸುಮ್ನೆ ಕೂತಿರುವುದು ತಾನೇ?

ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ, ನಿಜವಾಗಿ. ಓಡುವ ಹಡಗು ತನ್ನನ್ನು ತಾನೇ ಅರ್ಧ ನೋಡಿಕೊಳ್ಳುತ್ತದೆ. ಇಂಜಿನ್ ಬಿಸಿ ಇರುತ್ತದೆ, ಎಣ್ಣೆ ಹರಿಯುತ್ತಿರುತ್ತದೆ, ಗಾಳಿ ಆಡುತ್ತಿರುತ್ತದೆ. ನಿಂತ ಹಡಗು ತೇವಕ್ಕೆ ಸಿಕ್ಕಿ ಒಳಗಿನಿಂದಲೇ ಹಾಳಾಗುತ್ತದೆ. ನಮ್ಮ ಹಳೆಯ ಹಂಚಿನ ಮನೆಗೆ ಬೀಗ ಹಾಕಿ ಮುಂಬೈಗೆ ಹೋದರೆ ಎರಡು ಮಳೆಗಾಲದಲ್ಲಿ ಏನಾಗುತ್ತದೆ ಹೇಳಿ? ಅದೇ.

ಮೊದಲ ಶತ್ರು ತುಕ್ಕು. ಗಾಳಿಯ ತೇವ ಶೇ. 50ರ ಕೆಳಗೆ ಇದ್ದರೆ ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ಹೆಚ್ಚು ಕಡಿಮೆ ನಿಲ್ಲುತ್ತದೆ. ಅದಕ್ಕೇ ಕೋಲ್ಡ್ ಲೇ-ಅಪ್‌ನಲ್ಲಿ ಇಂಜಿನ್ ರೂಮು, ವಸತಿ ಭಾಗ ಎಲ್ಲ ಮುಚ್ಚಿ ತೇವ ಹೀರುವ ಯಂತ್ರ ಇಡುತ್ತಾರೆ. ಅದು ಓಡುತ್ತಿದೆಯಾ, ಪೈಪು ಕಳಚಿದೆಯಾ, ಅಳತೆ ಎಷ್ಟು ತೋರಿಸುತ್ತಿದೆ ಎಂದು ದಿನಾ ನೋಡಿ ಬರೆದಿಡಬೇಕು. ಬಾಯ್ಲರನ್ನು ಒಂದೋ ಪೂರ್ತಿ ಒಣಗಿಸಿ ತೇವ ಹೀರುವ ಪುಡಿ ಇಟ್ಟು ಮುಚ್ಚಬೇಕು, ಇಲ್ಲವೇ ಔಷಧಿ ಹಾಕಿದ ನೀರಿನಿಂದ ಕಂಠ ಮಟ್ಟ ತುಂಬಬೇಕು. ಅರ್ಧ ತುಂಬಿಸಿ ಬಿಟ್ಟರೆ ಕೆಟ್ಟಿತು. ಹಾಟ್ ಲೇ-ಅಪ್ ಆದರೆ ವಾರ ವಾರ ಮುಖ್ಯ ಇಂಜಿನ್ನಿಗೆ ಎಣ್ಣೆ ಕೊಟ್ಟು ನಿಧಾನ ತಿರುಗಿಸಿ, ಮೊದಲಿದ್ದ ಜಾಗ ಬಿಟ್ಟು ಬೇರೆ ಕೋನದಲ್ಲಿ ನಿಲ್ಲಿಸಬೇಕು, ಇಲ್ಲದಿದ್ದರೆ ಬೇರಿಂಗ್ ಒಂದೇ ಕಡೆ ಭಾರ ತಿಂದು ಗುರುತು ಬೀಳುತ್ತದೆ. ಪಂಪು, ಮೋಟಾರು, ವಾಲ್ವು, ಲೈಫ್ ಬೋಟಿನ ಕೊಂಡಿಗಳು, ಹಗ್ಗ ಸುತ್ತುವ ವಿಂಚ್, ಎಲ್ಲದಕ್ಕೂ ಗ್ರೀಸು, ಎಲ್ಲವನ್ನೂ ಒಂದಿಷ್ಟು ಆಡಿಸುವುದು.

ಎರಡನೇ ಶತ್ರು ನೀರಿನ ಕೆಳಗೆ. ನಿಂತ ಹಡಗಿನ ಹೊಟ್ಟೆಗೆ ಪಾಚಿ, ಚಿಪ್ಪಿನ ಪ್ರಾಣಿಗಳು ಅಂಟಿಕೊಳ್ಳುತ್ತವೆ, ಬಿಸಿ ನೀರಿನ ಕಡಲಲ್ಲಂತೂ ಕೆಲವೇ ವಾರ ಸಾಕು. ಸಮುದ್ರದ ನೀರು ಒಳಗೆ ಬರುವ ಬಾಯಿಗಳಿಗೂ ಅವು ತುಂಬಿಕೊಳ್ಳುತ್ತವೆ. ಹಾಗಾಗಿ ಆ ಬಾಯಿಗಳನ್ನು ಹೊರಗಿನಿಂದ ಮುಳುಗುಗಾರರ ಕೈಯಲ್ಲಿ ಮುಚ್ಚಿಸುತ್ತಾರೆ. ನದಿಯ ಸಿಹಿ ನೀರು ಸೇರುವ ಅಳಿವೆ ಆದರೆ ಸ್ವಲ್ಪ ಪಾರು, ಉಪ್ಪು ನೀರಿನ ಚಿಪ್ಪು ಅಲ್ಲಿ ಅಷ್ಟು ಬೆಳೆಯುವುದಿಲ್ಲ.

ಅಪಾಯ ಇದೆಯಾ?

ಇದೆ, ಮತ್ತು ದಯವಿಟ್ಟು ಇದನ್ನು ನಿಮ್ಮ ಮನೆಯ ಹುಡುಗರಿಗೆ ಓದಿ ಹೇಳಿ. ಮುಚ್ಚಿದ ಟ್ಯಾಂಕಿನಲ್ಲಿ, ಲಂಗರಿನ ಸರಪಳಿ ಇಡುವ ಗೂಡಿನಲ್ಲಿ ಕಬ್ಬಿಣ ತುಕ್ಕು ಹಿಡಿಯುತ್ತಾ ಅಲ್ಲಿನ ಆಮ್ಲಜನಕವನ್ನೇ ತಿಂದು ಹಾಕುತ್ತದೆ. ವಾಸನೆ ಇಲ್ಲ, ಹೊಗೆ ಇಲ್ಲ, ಏನೂ ಗೊತ್ತಾಗುವುದಿಲ್ಲ. ಒಳಗೆ ಇಳಿದವನು ಎರಡು ಉಸಿರಿಗೆ ಬೀಳುತ್ತಾನೆ. ಅವನನ್ನು ಎತ್ತಲು ಇನ್ನೊಬ್ಬ ಓಡಿ ಇಳಿಯುತ್ತಾನೆ, ಅವನೂ ಬೀಳುತ್ತಾನೆ. ಲೇ-ಅಪ್ ಹಡಗಿನಲ್ಲಿ ಟ್ಯಾಂಕ್‌ಗಳು ತಿಂಗಳುಗಟ್ಟಲೆ ಮುಚ್ಚಿರುತ್ತವೆ, ಜನವೂ ಕಡಿಮೆ, ಹಾಗಾಗಿ ಅಪಾಯ ಎರಡು ಪಟ್ಟು. ಗಾಳಿ ಹಾಯಿಸಿ, ಮೀಟರ್ ಇಟ್ಟು ಅಳೆದು, ಬಾಗಿಲಲ್ಲಿ ಒಬ್ಬ ನಿಂತ ಮೇಲೆಯೇ ಇಳಿಯಬೇಕು. ಯಾರು ಅವಸರ ಮಾಡಿದರೂ ಬೇಡ ಅನ್ನಿ.

ಇನ್ನೊಂದು ಗಾಳಿ. ಖಾಲಿ ಹಡಗು ಎತ್ತರಕ್ಕೆ ನಿಂತಿರುವುದರಿಂದ ಇಡೀ ಮೈ ಹಾಯಿಯ ಹಾಗೆ ಗಾಳಿ ಹಿಡಿಯುತ್ತದೆ. ಲಂಗರು ಜಾರಲು ಶುರುವಾದರೆ ಕೋಲ್ಡ್ ಹಡಗಿನಲ್ಲಿ ಇಂಜಿನ್ ಹೊತ್ತಿಸುವುದಕ್ಕೇ ಆಗುವುದಿಲ್ಲ, ಎಳೆಯುವ ದೋಣಿ (ಟಗ್) ಬರುವ ತನಕ ದೇವರೇ ಗತಿ.

ಹಡಗುಗಳನ್ನು ಪಕ್ಕ ಪಕ್ಕ ಕಟ್ಟುವುದು ಯಾಕೆ?

ಒಂದು ಜನರೇಟರ್ ಮೂರು ಹಡಗಿಗೆ ಸಾಕು, ಒಂದೇ ಗುಂಪು ಮೂರನ್ನೂ ನೋಡಿಕೊಳ್ಳಬಹುದು. ಒಂದಕ್ಕೊಂದು ಉಜ್ಜದ ಹಾಗೆ ಮಧ್ಯೆ ದಪ್ಪ ರಬ್ಬರ್ ಫೆಂಡರ್ ಇಳಿಬಿಡುತ್ತಾರೆ.

ಸೂಯೆಜ್‌ನಲ್ಲಿ ಎಂಟು ವರ್ಷ ಸಿಕ್ಕಿಕೊಂಡ ಹಡಗುಗಳೂ ಲೇ-ಅಪ್ ತಾನೇ?

ಅವು ನಿಲ್ಲಿಸಿದ ಹಡಗುಗಳಲ್ಲ, ಸಿಕ್ಕಿಬಿದ್ದವು. 1967ರ ಯುದ್ಧದಲ್ಲಿ ಕಾಲುವೆ ಎರಡೂ ಕಡೆ ಮುಚ್ಚಿ, 14 ಹಡಗುಗಳು ಕಾಲುವೆ ಹಾದು ಹೋಗುವ ಗ್ರೇಟ್ ಬಿಟರ್ ಲೇಕ್ ಎಂಬ ಸರೋವರದಲ್ಲಿ ಉಳಿದವು. ಮರುಭೂಮಿಯ ಮರಳು ಕೂತು ಹಳದಿಯಾದವು, ಅದಕ್ಕೇ ಹಳದಿ ಹಡಗುಪಡೆ ಎಂಬ ಹೆಸರು. ಆದರೆ ನೋಡಿಕೊಂಡ ರೀತಿ ಲೇ-ಅಪ್‌ನದ್ದೇ. ಹಡಗುಗಳನ್ನು ಗುಂಪು ಗುಂಪಾಗಿ ಕಟ್ಟಿದರು, ಸಿಬ್ಬಂದಿ ಕಡಿಮೆ ಮಾಡಿದರು. ಬೇರೆ ಬೇರೆ ದೇಶದ ನಾವಿಕರು ಸೇರಿ ಸಂಘ ಮಾಡಿಕೊಂಡು, ತಮ್ಮದೇ ಅಂಚೆ ಚೀಟಿ ಬಿಡಿಸಿ, 1968ರಲ್ಲಿ ತಮ್ಮದೇ ಒಲಿಂಪಿಕ್ಸ್ ಆಡಿದರು. 1975ರಲ್ಲಿ ಎರಡು ಜರ್ಮನ್ ಹಡಗುಗಳು ಮಾತ್ರ ಸ್ವಂತ ಇಂಜಿನ್ ಬಲದಲ್ಲಿ ಹ್ಯಾಂಬರ್ಗ್ ತಲುಪಿದವು. ಎಂಟು ವರ್ಷದ ನಂತರ! ನೋಡಿಕೊಂಡವರ ಕೈಗುಣ ಅದು.

2020ರಲ್ಲಿ ಎಣ್ಣೆ ತುಂಬಿಕೊಂಡು ನಿಂತ ಟ್ಯಾಂಕರ್‌ಗಳು?

ಅವು ತೇಲುವ ಗೋದಾಮು. ಮುಂದೆ ಬೆಲೆ ಏರುತ್ತದೆ ಎಂದು ಅಗ್ಗದ ಎಣ್ಣೆ ತುಂಬಿ ಇಟ್ಟದ್ದು. ದಿನದ ಬಾಡಿಗೆ ಚೆನ್ನಾಗಿಯೇ ಬರುತ್ತಿತ್ತು. ಆಗ ನಿಜವಾಗಿ ಲೇ-ಅಪ್ ಆದದ್ದು ಪ್ರವಾಸಿ ಹಡಗುಗಳು.

ಲೇ-ಅಪ್ ಆದರೆ ಸಂಬಳ ಬರುತ್ತದಾ?

ಹಡಗಿನಲ್ಲಿ ಉಳಿದವರಿಗೆ ಬರಬೇಕು. ಇಳಿಸಿ ಮನೆಗೆ ಕಳಿಸಿದವರಿಗೆ ಒಪ್ಪಂದ ಮುಗಿಯಿತು ಎಂದೇ ಅರ್ಥ, ನಮ್ಮವರಲ್ಲಿ ಹೆಚ್ಚಿನವರು ಕಾಂಟ್ರಾಕ್ಟ್ ಮೇಲೆಯೇ ಇರುವುದಲ್ವಾ. ಮುಂದಿನ ಹಡಗು ಸಿಗುವ ತನಕ ಕೈ ಖಾಲಿ. ಸುದ್ದಿಯಲ್ಲಿ ಇಷ್ಟು ಹಡಗು ನಿಂತವು ಎಂದು ಬರೆಯುತ್ತಾರೆ, ಒಂದೊಂದು ಹಡಗಿನ ಹಿಂದೆ ಹದಿನೈದು ಇಪ್ಪತ್ತು ಮನೆಗಳ ಆದಾಯ ನಿಂತದ್ದನ್ನು ಯಾರೂ ಬರೆಯುವುದಿಲ್ಲ.

ನಾನಿದ್ದ ಒಂದು ಲೇ-ಅಪ್ ಹಡಗಿನಲ್ಲಿ ಮೊದಲ ಎರಡು ತಿಂಗಳು ಎಲ್ಲ ಸರಿ ಇತ್ತು. ಮೂರನೇ ತಿಂಗಳು ಸಂಬಳ ತಡವಾಯಿತು. ಆಮೇಲೆ ತರಕಾರಿ ಬರುವುದು ಕಡಿಮೆಯಾಯಿತು. ರಾತ್ರಿ ಇಂಜಿನ್ ಸದ್ದಿಲ್ಲದೆ ನಿದ್ದೆ ಬರುತ್ತಿರಲಿಲ್ಲ, ದಡದಲ್ಲಿ ದೀಪ ಕಾಣುತ್ತಿತ್ತು, ಹೋಗುವ ಹಾಗಿರಲಿಲ್ಲ. ಕೊನೆಗೆ ಬಾಕಿ ಸಿಕ್ಕಿತು, ಆದರೆ ಆ ಕಾಯುವಿಕೆ ಈಗಲೂ ಮರೆತಿಲ್ಲ.

ಹಡಗನ್ನು ಮಾಲೀಕ ಕೈಬಿಟ್ಟರೆ ಏನು ಮಾಡಬೇಕು?

ಮಾಲೀಕನ ದುಡ್ಡು ಮುಗಿದರೆ ಲೇ-ಅಪ್ ಎಂದು ಶುರುವಾದದ್ದು ಕೈಬಿಟ್ಟ ಹಡಗಾಗಿ ಮುಗಿಯಬಹುದು. 2024ರಲ್ಲಿ 300ಕ್ಕೂ ಹೆಚ್ಚು ಹಡಗುಗಳಲ್ಲಿ 3 ಸಾವಿರಕ್ಕೂ ಹೆಚ್ಚು ನಾವಿಕರು ಹೀಗೆ ಸಿಕ್ಕಿಕೊಂಡಿದ್ದರು ಎಂದು ಸಾರಿಗೆ ಕಾರ್ಮಿಕರ ಅಂತರರಾಷ್ಟ್ರೀಯ ಒಕ್ಕೂಟ ಐಟಿಎಫ್ ಲೆಕ್ಕ ಕೊಟ್ಟಿದೆ. ಅವರಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ಭಾರತೀಯರು.

ಕಾನೂನು ನಿಮ್ಮ ಕಡೆ ಇದೆ. ನಾವಿಕರ ಹಕ್ಕುಗಳ ಒಪ್ಪಂದ, ಎಂಎಲ್‌ಸಿ 2006, ಅದಕ್ಕೆ 2015ರಲ್ಲಿ ಭಾರತವೂ ಸೇರಿದೆ. ಎರಡು ತಿಂಗಳ ಸಂಬಳ ಬಾಕಿ ಉಳಿದರೆ, ಅಥವಾ ಊಟ, ನೀರು, ಇಂಧನ ಕೊಡದಿದ್ದರೆ, ಅಥವಾ ಮನೆಗೆ ಕಳಿಸುವ ಖರ್ಚು ಕೊಡದಿದ್ದರೆ ಅದು ಕೈಬಿಟ್ಟಂತೆ. 2017ರ ಜನವರಿಯಿಂದ ಹಡಗಿನ ಮಾಲೀಕ ಇದಕ್ಕಾಗಿಯೇ ವಿಮೆ ಇಟ್ಟಿರಬೇಕು. ಅದರಿಂದ ನಾಲ್ಕು ತಿಂಗಳ ತನಕದ ಬಾಕಿ ಸಂಬಳ, ಊರಿಗೆ ಬರುವ ಖರ್ಚು ಸಿಗುತ್ತದೆ. ಹಾಗಾಗಿ "ಇನ್ನೊಂದು ತಿಂಗಳು ತಡೀರಿ" ಎಂದು ಆರು ತಿಂಗಳು ಎಳೆಯಲು ಬಿಡಬೇಡಿ. ನಾಲ್ಕು ತಿಂಗಳು ದಾಟಿದ ಬಾಕಿ ಆ ವಿಮೆಯಿಂದ ಬರುವುದಿಲ್ಲ.

ಎಷ್ಟೋ ವರ್ಷ ನಿಂತ ಹಡಗು ಮತ್ತೆ ಓಡುತ್ತದಾ?

ಚೆನ್ನಾಗಿ ನೋಡಿಕೊಂಡರೆ ಓಡುತ್ತದೆ. ಫ್ರಾನ್ಸ್ ಎಂಬ ಪ್ರಯಾಣಿಕರ ಹಡಗು ತೈಲ ಬೆಲೆ ಏರಿದಾಗ 1974ರಲ್ಲಿ ಲ ಆವ್ರ್ ಬಂದರಿನಲ್ಲಿ ನಿಂತಿತು. ನಿಂತ ಜಾಗಕ್ಕೆ ಊರಿನವರು ಮರೆವಿನ ದಕ್ಕೆ ಎಂದೇ ಹೆಸರಿಟ್ಟರು. ಐದು ವರ್ಷದ ನಂತರ ನಾರ್ವೆಯವರು ಕೊಂಡು, ನಾರ್ವೆ ಎಂದು ಹೆಸರು ಬದಲಿಸಿ, ಇಪ್ಪತ್ತು ವರ್ಷಕ್ಕೂ ಮೇಲೆ ಓಡಿಸಿದರು. ಕೊನೆಗೆ ಅದು ಬಂದದ್ದು ಹಡಗು ಒಡೆಯುವ ನಮ್ಮ ಗುಜರಾತಿನ ಅಲಂಗ್ ಕಡಲ ದಂಡೆಗೆ, 2006ರಲ್ಲಿ.

ಎಬ್ಬಿಸುವಾಗ ನೀರು ಖಾಲಿ ಮಾಡಿದ ರಿಪೇರಿ ಕಟ್ಟೆಗೆ (ಡ್ರೈ ಡಾಕ್) ಏರಿಸಿ ಹೊಟ್ಟೆ ಕೆರೆದು, ಬಣ್ಣ ಬಳಿದು, ಎಲ್ಲ ತಪಾಸಣೆ ಮುಗಿಸಿ, ಕಡಲಲ್ಲಿ ಓಡಿಸಿ ನೋಡಬೇಕು. ಕೆರೆಯದೆ ಬೇರೆ ಕಡಲಿಗೆ ಹೋದರೆ ಅಂಟಿದ ಜೀವಿಗಳೂ ಅಲ್ಲಿಗೆ ಹೋಗಿ ಅಲ್ಲಿನ ಮೀನಿಗೆ, ಚಿಪ್ಪಿಗೆ ತೊಂದರೆ ಕೊಡುತ್ತವೆ.

ಯಾವಾಗ ಗುಜರಿಗೆ ಹೋಗುತ್ತದೆ?

ಮಾಲೀಕನಿಗೆ ನಂಬಿಕೆ ಮುಗಿದಾಗ. 2011-12ರಲ್ಲಿ ಅಲಂಗ್‌ನಲ್ಲಿ 415 ಹಡಗುಗಳನ್ನು ಒಡೆದರು, ಅದು ದಾಖಲೆ. ಮೂರು ವರ್ಷ ಕಾದು ಸಾಕಾದವರ ಹಡಗುಗಳು ಅವುಗಳಲ್ಲಿ ಬೇಕಾದಷ್ಟಿದ್ದವು. 2016ರಲ್ಲಿ ಪನಾಮಾ ಕಾಲುವೆಯ ಹೊಸ ದೊಡ್ಡ ಬಾಗಿಲುಗಳು ತೆರೆದ ಮೇಲೆ ಹಳೆಯ ಅಳತೆಯ ಕಂಟೈನರ್ ಹಡಗುಗಳು ಹತ್ತು ವರ್ಷಕ್ಕೇ ಒಡೆಯಲು ಹೋದವು. 2020ರಲ್ಲಿ ಮುಂಬೈಯಿಂದ ಓಡುತ್ತಿದ್ದ ಕರ್ಣಿಕಾ ಎಂಬ ಪ್ರವಾಸಿ ಹಡಗೂ ಅಲಂಗ್ ಸೇರಿತು.

ಲೇ-ಅಪ್ ಹಡಗಿಗೆ ಕೆಲಸಕ್ಕೆ ಕರೆದಿದ್ದಾರೆ, ಹೋಗಬಹುದಾ?

ಹೋಗಬಹುದು, ಕಣ್ಣು ತೆರೆದು ಹೋಗಿ. ಕಳಿಸುವ ಏಜೆಂಟ್ ಹತ್ತಿರ ನಾವಿಕರನ್ನು ಕೆಲಸಕ್ಕೆ ಸೇರಿಸುವ ಆರ್‌ಪಿಎಸ್‌ಎಲ್ ಪರವಾನಗಿ ಇದೆಯಾ ಎಂದು ಕೇಂದ್ರ ಸರ್ಕಾರದ ಹಡಗು ಇಲಾಖೆ ಡಿಜಿ ಶಿಪ್ಪಿಂಗ್ ವೆಬ್‌ಸೈಟಿನಲ್ಲಿ ನೋಡಿ. ಕೆಲಸಕ್ಕಾಗಿ ದುಡ್ಡು ಕೇಳಿದರೆ ಅಲ್ಲೇ ಬಿಟ್ಟು ಬನ್ನಿ. ಹಾಟಾ ಕೋಲ್ಡಾ, ಎಷ್ಟು ಜನ ಇರುತ್ತಾರೆ, ಊಟ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ದಡಕ್ಕೆ ಇಳಿಯಲು ಬಿಡುತ್ತಾರಾ, ಇಷ್ಟನ್ನು ಮೊದಲೇ ಕೇಳಿ. ಹಡಗು ಹತ್ತಿದ ಮೊದಲ ದಿನವೇ ಊಟದ ಕೋಣೆ ಕಡೆ ಹೋಗಿ ನೋಟಿಸ್ ಬೋರ್ಡ್ ನೋಡಿ. ಮಾಲೀಕ ಕೈಬಿಟ್ಟರೆ ಸಿಗುವ ಆ ವಿಮೆಯ ಪ್ರಮಾಣಪತ್ರ ಎಲ್ಲರಿಗೂ ಕಾಣುವ ಹಾಗೆ ಅಂಟಿಸಿರಲೇಬೇಕು, ಅದರಲ್ಲಿ ವಿಮೆಯವರ ಹೆಸರು, ಫೋನ್ ನಂಬರ್, ಮುಗಿಯುವ ತಾರೀಖು ಇರುತ್ತದೆ. ಅದರದ್ದೊಂದು, ನಿಮ್ಮ ಒಪ್ಪಂದದ್ದೊಂದು ಫೋಟೋ ತೆಗೆದು ಅವತ್ತೇ ಮನೆಗೆ ವಾಟ್ಸಾಪ್ ಮಾಡಿ.